ಬೀದರ ಸೀಮೆಯ ಮಳೆಗಾಲ

ಕರ್ಣಾಟಕದ ಉತ್ತರದ ತುದಿಯಲ್ಲಿರುವ ಬೀದರ, ಭಾಲ್ಕಿ, ಔರಾದ ತಾಲೂಕುಗಳಲ್ಲಿ ವರ್ಷಕ್ಕೆ ಸರಾಸರಿ ಸುಮಾರು 850ರಿಂದ 900 ಮಿಲಿಮೀಟರು ಮಳೆ ಬೀಳುತ್ತದೆ. ವಿಜಯಪುರ, ರಾಯಚೂರು ಸೀಮೆಗಳಿಗಿಂತ ಇದು ಹೆಚ್ಚು. ಆದರೂ ಇಲ್ಲಿಯ ಒಕ್ಕಲಿಗನು ಬರಗಾಲದ ಭಯದಿಂದ ಮುಕ್ತನಾಗಿಲ್ಲ. ಇದರ ಕಾರಣವನ್ನರಿಯಬೇಕಾದರೆ ಮಳೆಯ ಕಾಲಹಂಚಿಕೆಯನ್ನೂ ನೆಲದ ಗುಣವನ್ನೂ ಪರಿಶೀಲಿಸತಕ್ಕದ್ದು.

ವರ್ಷದ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುತ್ತದೆ. ಆಫ್ರಿಕೆಯ ಸಹಾರಾ ಮರುಭೂಮಿಯ ದಕ್ಷಿಣದಂಚಿನ ಸಾಹೇಲ್ ಪ್ರದೇಶದಲ್ಲಿಯೂ ಮಳೆಗಾಲವು ಹೀಗೆ ಒಂದೇ. ಅದೂ ಹೆಚ್ಚುಕಡಿಮೆ ಇದೇ ತಿಂಗಳುಗಳದು. ಭೂಮಧ್ಯರೇಖೆಯನ್ನು ದಾಟಿ, ಪೂರ್ವ ಆಫ್ರಿಕೆಯ ಕರಾವಳಿಯ ಬಳಿ ತಿರುಗಿ ಬರುವ ನೈಋತ್ಯ ಮಾರುತವು ತನ್ನ ನೀರಿನ ಬಹುಭಾಗವನ್ನು ಸಹ್ಯಾದ್ರಿಗೆ ಒಪ್ಪಿಸುತ್ತದೆ. ಆದುದರಿಂದ ಬಂಗಾಳ ಉಪಸಾಗರದಲ್ಲಿ ಹುಟ್ಟಿ ಪಶ್ಚಿಮಾಭಿಮುಖವಾಗಿ ಚಲಿಸುವ ವಾಯುಭಾರ ಕುಸಿತಗಳು ಬೀದರ ಸೀಮೆಗೆ ಬಹಳ ಮುಖ್ಯವಾದವು. ಅವು ಬಾರದ ದಿನಗಳಲ್ಲಿ ಮಳೆಗೆ ದೀರ್ಘವಾದ ತೆರಪು ಬೀಳುವುದುಂಟು.

ಈ ತೆರಪಿನ ಪರಿಣಾಮವು ಎಲ್ಲ ನೆಲದಲ್ಲಿಯೂ ಒಂದೇ ತೆರನಲ್ಲ. ಬೀದರ ನಗರವು ಜಂಬಿಟ್ಟಿಗೆಯ ಎತ್ತರವಾದ ಹಾಸಿನ ಮೇಲೆ ನಿಂತಿದೆ. ರಂಧ್ರಮಯವಾದ ಈ ಕಲ್ಲು ನೀರನ್ನು ಬೇಗನೆ ಕೆಳಕ್ಕಿಳಿಸುತ್ತದೆ. ಇಳಿದ ನೀರು ಅಡಿಯ ಜೇಡಿಯ ಪದರವನ್ನು ತಾಕಿ, ಅಂಚುಗಳಲ್ಲಿ ಝರಿಗಳಾಗಿ ಹೊರಡುತ್ತದೆ. ನಾನಕ ಝೀರಾದ ನೀರು ಇಂತಹುದು. ಬಹಮನಿ ಅರಸರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಪಾರಸಿಕ ಪದ್ಧತಿಯಂತೆ ತೋಡಿದ ನೌಬಾದಿನ ಸುರಂಗಬಾವಿಗಳೂ ಭೂಗರ್ಭದ ಈ ನೀರನ್ನೇ ಅವಲಂಬಿಸಿದವು.

ಭಾಲ್ಕಿ, ಔರಾದಗಳ ಕರಿಯ ಎರೆಭೂಮಿಯ ಸ್ವಭಾವ ಬೇರೆ. ನೀರುಂಡು ಉಬ್ಬಿ, ಒಣಗಿದಾಗ ಬಿರಿಯುವ ಈ ಮಣ್ಣು ಹಸಿಯನ್ನು ಬಹುಕಾಲ ಹಿಡಿದಿಡುತ್ತದೆ. ಸೆಪ್ಟೆಂಬರಿನ ಮಳೆ ಚೆನ್ನಾಗಿ ಬಿದ್ದರೆ ಹಿಂಗಾರಿನ ಜೋಳ, ಕಡಲೆಗಳು ಆ ಹಸಿಯಿಂದಲೇ ಬೆಳೆಯುತ್ತವೆ. ಆದರೆ ಮುಂಗಾರಿನ ಹೆಸರು, ಉದ್ದುಗಳು ಅಲ್ಪಾವಧಿಯ ಬೆಳೆಗಳು: ಬಿತ್ತಿದೊಡನೆ ಮಳೆ ತಡೆದರೆ ಬೀಜವು ನಷ್ಟ, ಕಾಯಿ ಮಾಗಿದಾಗ ಸುರಿದರೆ ಫಸಲು ನಷ್ಟ. ಈ ಎರಡೂ ಒಂದೇ ವರ್ಷದಲ್ಲಿ ಸಂಭವಿಸಿ, ವರ್ಷದ ಮೊತ್ತವು ಮಾತ್ರ ಸರಾಸರಿಗೆ ಸರಿಹೊಂದಬಹುದು.

ಒಕ್ಕಲಿಗರು ಮೃಗಶಿರ, ಆರ್ದ್ರಾ, ಮಘಾ ಎಂದು ಮಳೆಯನ್ನು ನಕ್ಷತ್ರವಾರಾಗಿ ಎಣಿಸುವುದು ಇಲ್ಲಿ ಗಮನಾರ್ಹವಾಗಿದೆ. ಒಂದೊಂದು ನಕ್ಷತ್ರದ ಅವಧಿ ಸುಮಾರು 13–14 ದಿನಗಳು. ನಕ್ಷತ್ರವೇ ಮಳೆ ತರುತ್ತದೆಂದು ಒಪ್ಪದವರೂ ಈ ಅಳತೆಯ ಔಚಿತ್ಯವನ್ನು ಒಪ್ಪಬಹುದು. ಏಕೆಂದರೆ ವಾರ್ಷಿಕ ಸರಾಸರಿಯಲ್ಲಿ ಮರೆಯಾಗುವ ತೆರಪು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.