ಕ್ಷಯರೋಗದ ಚಿಕಿತ್ಸೆ: ಮದರಾಸಿನ ಪ್ರಯೋಗ ಮತ್ತು ಉದ್ದಿಮೆದಾರರ ಹೊಣೆ

1990ರ ದಶಕದ ಆರಂಭದಲ್ಲಿ ನಾನು ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ತರಬೇತಿ ಪಡೆಯುತ್ತಿದ್ದೆ. ಒಂದು ಸಣ್ಣ ಕಾರ್ಖಾನೆಯ ವೇತನ ಪುಸ್ತಕವನ್ನು ತಾಳೆ ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹನ್ನೊಂದು ವರ್ಷ ಲೇತ್ ಯಂತ್ರದ ಮೇಲೆ ದುಡಿದಿದ್ದ ನುರಿತ ಕೆಲಸಗಾರನೊಬ್ಬನ ಹೆಸರಿನ ಮುಂದೆ ‘ಲೆಕ್ಕ ಚುಕ್ತಾ’ ಎಂದು ಬರೆದಿತ್ತು. ವಿಚಾರಿಸಿದಾಗ, ಆತನಿಗೆ ಕ್ಷಯರೋಗ ಇರುವುದು ತಿಳಿದುಬಂದಿದೆಯೆಂದೂ, ಉಳಿದವರಿಗೆ ಹರಡೀತೆಂಬ ಭಯದಿಂದ ಕೆಲಸದಿಂದ ಬಿಡಿಸಲಾಗಿದೆಯೆಂದೂ ಮಾಲೀಕರು ತಿಳಿಸಿದರು. ಅವರು ನಿರ್ದಯಿಗಳೇನಲ್ಲ; ಊರಿಗೆ ಹೋಗುವ ಖರ್ಚನ್ನು ತಮ್ಮ ಕೈಯಿಂದಲೇ ಕೊಟ್ಟಿದ್ದರು. ವೋಚರ್ ಸರಿಯಾಗಿತ್ತು, ಸಹಿ ಇತ್ತು, ಮೊತ್ತ ತಾಳೆಯಾಯಿತು. ನಾನು ಹಸಿರು ಶಾಯಿಯಲ್ಲಿ ಗುರುತು ಹಾಕಿ ಮುಂದಿನ ಪುಟ ತಿರುವಿದೆ.

ಆ ಭಯಕ್ಕೆ ಉತ್ತರವು ಅದಕ್ಕೂ ಮೂರು ದಶಕಗಳ ಹಿಂದೆಯೇ ಮದರಾಸಿನಲ್ಲಿ ದೊರೆತಿತ್ತೆಂಬುದನ್ನು ನಾನು ಬಹಳ ತಡವಾಗಿ ಓದಿ ತಿಳಿದೆ. ನಾನು ವೈದ್ಯನಲ್ಲ. ಆದರೆ ವೈದ್ಯಕೀಯ ಸಂಶೋಧನೆಯ ಕ್ರಮವು ಲೆಕ್ಕಪರಿಶೋಧನೆಯ ಕ್ರಮಕ್ಕೆ ಬಹಳ ಹತ್ತಿರವಾದುದು. ಆದ್ದರಿಂದ ಸದಸ್ಯ ಬಂಧುಗಳಿಗೆ ಈ ವಿಷಯವನ್ನು ನಮ್ಮ ಪರಿಭಾಷೆಯಲ್ಲೇ ವಿವರಿಸಲು ಯತ್ನಿಸುತ್ತೇನೆ.

ಕಾರಣ ತಿಳಿಯಿತು, ಔಷಧ ಇರಲಿಲ್ಲ

ಕ್ಷಯರೋಗವು ವಂಶಪಾರಂಪರ್ಯವಾಗಿ ಬರುವಂಥದ್ದೆಂದು ಜನರು ಬಹುಕಾಲ ನಂಬಿದ್ದರು. ಜರ್ಮನಿಯ ರಾಬರ್ಟ್ ಕಾಕ್ ಅವರು 1882ರ ಮಾರ್ಚ್ 24ರಂದು ಈ ರೋಗದ ಬ್ಯಾಕ್ಟೀರಿಯಾವನ್ನು ತೋರಿಸಿಕೊಟ್ಟ ಮೇಲೆ, ಇದು ಗಾಳಿಯ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ಹರಡುವ ಸೋಂಕೆಂಬುದು ಖಚಿತವಾಯಿತು. ಆದರೆ ಕಾರಣ ತಿಳಿದರೂ ಆರು ದಶಕಗಳ ಕಾಲ ಪರಿಣಾಮಕಾರಿ ಔಷಧ ದೊರೆಯಲಿಲ್ಲ. ಊರಾಚೆಯ ಆರೋಗ್ಯಧಾಮಗಳಲ್ಲಿ ವಿಶ್ರಾಂತಿ, ಶುದ್ಧ ಗಾಳಿ ಮತ್ತು ಪುಷ್ಟಿಕರ ಆಹಾರ ಇವೇ ಚಿಕಿತ್ಸೆಯಾಗಿದ್ದವು.

ಚೀಟಿ ಎತ್ತುವ ಪದ್ಧತಿ ಏಕೆ?

1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಪತ್ತೆಯಾಯಿತು. ಯುದ್ಧದ ನಂತರದ ಬ್ರಿಟನ್ನಿಗೆ ಅದು ಅಲ್ಪ ಪ್ರಮಾಣದಲ್ಲಿ ಮಾತ್ರ ಲಭ್ಯವಿತ್ತು. ಎಲ್ಲರಿಗೂ ಕೊಡಲು ಸಾಧ್ಯವಿಲ್ಲದ ಆ ಸನ್ನಿವೇಶದಲ್ಲಿ, ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಯು ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರ ಸಲಹೆಯಂತೆ 107 ರೋಗಿಗಳನ್ನು ಎರಡು ಗುಂಪು ಮಾಡಿತು. 55 ಮಂದಿಗೆ ಔಷಧ ಹಾಗೂ ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರು ಆರಿಸಲಿಲ್ಲ. ಮುಚ್ಚಿದ ಲಕೋಟೆಯೊಳಗಿನ ಚೀಟಿ ಅದನ್ನು ನಿರ್ಧರಿಸಿತು. ಎಕ್ಸ್-ರೇ ಪರಿಶೀಲಿಸಿದ ತಜ್ಞರಿಗೂ ಅದು ಯಾವ ಗುಂಪಿನ ರೋಗಿಯದೆಂದು ತಿಳಿಸಿರಲಿಲ್ಲ.

ಇದರ ಅಗತ್ಯವನ್ನು ವ್ಯಾಪಾರಸ್ಥರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ದಾಸ್ತಾನು ತಪಾಸಣೆಗೆ ಯಾವ ಮೂಟೆಯನ್ನು ಬಿಚ್ಚಬೇಕೆಂದು ಗೋದಾಮಿನವರೇ ಆರಿಸಿಕೊಟ್ಟರೆ ಒಳ್ಳೆಯ ಮೂಟೆಯೇ ಮುಂದೆ ಬರುತ್ತದೆ. ಹಾಗೆಯೇ ವೈದ್ಯರು ತಮಗರಿವಿಲ್ಲದೆಯೇ ಗುಣವಾಗುವ ಲಕ್ಷಣವುಳ್ಳವರಿಗೆ ಹೊಸ ಔಷಧ ಕೊಟ್ಟರೆ, ಗುಣವಾದುದು ಔಷಧದಿಂದಲೋ ರೋಗಿಯ ಶಕ್ತಿಯಿಂದಲೋ ಎಂಬುದು ತಿಳಿಯುವುದಿಲ್ಲ.

1948ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿ, ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14 ಮಂದಿ ತೀರಿಕೊಂಡಿದ್ದರು. ಆದರೆ ಅದೇ ವರದಿಯು ಒಂದು ಎಚ್ಚರಿಕೆಯನ್ನೂ ನೀಡಿತು: ಒಂದೇ ಔಷಧವನ್ನು ಕೊಟ್ಟಾಗ ಬ್ಯಾಕ್ಟೀರಿಯಾಗಳು ಅದಕ್ಕೆ ಜಗ್ಗದಂತಾಗುತ್ತವೆ. ಒಂದಕ್ಕಿಂತ ಹೆಚ್ಚು ಔಷಧಗಳನ್ನು ಜೊತೆಯಾಗಿ ಕೊಡುವ ಪದ್ಧತಿ ಬಂದುದು ಈ ಕಾರಣದಿಂದಲೇ.

ಮದರಾಸಿನ ಪ್ರಶ್ನೆ

ಸ್ವಾತಂತ್ರ್ಯಾನಂತರದ ಭಾರತದಲ್ಲಿ ರೋಗಿಗಳು ಲಕ್ಷಗಟ್ಟಲೆ ಇದ್ದರು. ಆರೋಗ್ಯಧಾಮದ ಹಾಸಿಗೆಗಳು ಅವರ ಸಂಖ್ಯೆಗೆ ಏನೇನೂ ಸಾಲುತ್ತಿರಲಿಲ್ಲ. ಹಾಗಾದರೆ ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೆ ಗುಣವಾಗುವುದೇ? ಇದನ್ನು ಪರೀಕ್ಷಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಬ್ರಿಟನ್ನಿನ ಸಂಶೋಧನಾ ಮಂಡಳಿ ಒಟ್ಟಾಗಿ 1956ರಲ್ಲಿ ಮದರಾಸಿನಲ್ಲಿ ಒಂದು ಕೇಂದ್ರವನ್ನು ತೆರೆದವು. ಬ್ರಿಟನ್ನಿನ ವ್ಯಾಲೇಸ್ ಫಾಕ್ಸ್ ಅದರ ಮೊದಲ ಮುಖ್ಯಸ್ಥರು. ಅದೇ ಕೇಂದ್ರವು ಇಂದು ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯಾಗಿದೆ.

ನಗರದ 193 ಬಡ ರೋಗಿಗಳನ್ನು ಚೀಟಿ ಪದ್ಧತಿಯಿಂದ ಎರಡು ಗುಂಪಾಗಿ ವಿಂಗಡಿಸಲಾಯಿತು. ಇಬ್ಬರಿಗೂ ಒಂದು ವರ್ಷ ಕಾಲ ಐಸೋನಿಯಾಜಿಡ್ ಮತ್ತು ಪಿ.ಎ.ಎಸ್. ಎಂಬ ಅವೇ ಎರಡು ಔಷಧಗಳು. ಒಂದು ಗುಂಪಿಗೆ ಆರೋಗ್ಯಧಾಮದ ವಿಶ್ರಾಂತಿ, ಶುಶ್ರೂಷೆ, ಉತ್ತಮ ಊಟ. ಇನ್ನೊಂದು ಗುಂಪಿಗೆ ಇಕ್ಕಟ್ಟಾದ ಮನೆ, ಇದ್ದುದರಲ್ಲೇ ಊಟ. ಮನೆಯಲ್ಲಿದ್ದವರು ಮಾತ್ರೆಗಳನ್ನು ಕ್ರಮವಾಗಿ ಸೇವಿಸುತ್ತಿದ್ದಾರೆಯೇ ಎಂದು ತಿಳಿಯಲು ಸಿಬ್ಬಂದಿ ಮುನ್ಸೂಚನೆಯಿಲ್ಲದೆ ಮನೆಗೆ ಭೇಟಿ ನೀಡಿ, ಉಳಿದ ಮಾತ್ರೆ ಎಣಿಸಿ, ಮೂತ್ರ ಪರೀಕ್ಷೆ ನಡೆಸುತ್ತಿದ್ದರು. ಅನಿರೀಕ್ಷಿತ ದಾಸ್ತಾನು ತಪಾಸಣೆಯೆಂದರೆ ಇದೇ ಅಲ್ಲವೇ?

1959ರಲ್ಲಿ ಪ್ರಕಟವಾದ ವರದಿಯಂತೆ, ವರ್ಷದ ಕೊನೆಗೆ ಕಫದಲ್ಲಿ ರೋಗಾಣು ಕಾಣದ ಸ್ಥಿತಿಗೆ ಬಂದವರು ಆರೋಗ್ಯಧಾಮದಲ್ಲಿ ಶೇ. 92, ಮನೆಯಲ್ಲಿ ಶೇ. 86. ಸಣ್ಣದೊಂದು ಅಂತರವಿದ್ದರೂ, ಮನೆಯ ಚಿಕಿತ್ಸೆ ಸಾಕೆಂಬುದಕ್ಕೆ ಇದು ಬಲವಾದ ಸಾಕ್ಷ್ಯವಾಯಿತು.

ಉದ್ದಿಮೆದಾರರಿಗೆ ಇನ್ನೂ ಮುಖ್ಯವಾದ ಅಂಶವೊಂದಿದೆ. ಎರಡೂ ಗುಂಪಿನ ರೋಗಿಗಳ ಮನೆಯವರನ್ನು ಐದು ವರ್ಷ ಕಾಲ ಗಮನಿಸಲಾಯಿತು. ರೋಗಿಯು ಮನೆಯಲ್ಲೇ ಚಿಕಿತ್ಸೆ ಪಡೆದ ಕುಟುಂಬಗಳಲ್ಲಿ ಹೊಸದಾಗಿ ರೋಗ ಬಂದವರ ಪ್ರಮಾಣವು ಮತ್ತೊಂದು ಗುಂಪಿನ ಕುಟುಂಬಗಳಿಗಿಂತ ಹೆಚ್ಚಾಗಿರಲಿಲ್ಲ. ಏಕೆಂದರೆ ರೋಗ ಹರಡುವುದು ಬಹುತೇಕ ಪತ್ತೆಯಾಗುವ ಮೊದಲು. ತಕ್ಕ ಚಿಕಿತ್ಸೆ ಆರಂಭವಾದ ಕೆಲವು ವಾರಗಳಲ್ಲಿ ಹರಡುವ ಶಕ್ತಿ ಬಹಳವಾಗಿ ಕುಗ್ಗುತ್ತದೆ. ಒಂದೇ ಕೋಣೆಯಲ್ಲಿ ಮಲಗುವವರ ವಿಷಯದಲ್ಲೇ ಹೀಗಿರುವಾಗ, ಚಿಕಿತ್ಸೆಯಲ್ಲಿರುವ ಕೆಲಸಗಾರನನ್ನು ಕಾರ್ಖಾನೆಯಿಂದ ಶಾಶ್ವತವಾಗಿ ಹೊರಗಿಡುವುದಕ್ಕೆ ಆಧಾರವಿಲ್ಲ. ಅಪಾಯವಿರುವುದು ಪತ್ತೆಯಾಗದೆ ಕೆಮ್ಮುತ್ತಿರುವವರಿಂದ. ಅಲ್ಲದೆ ಕೆಲಸ ಹೋದೀತೆಂಬ ಭಯದಿಂದ ಕೆಮ್ಮನ್ನು ಮುಚ್ಚಿಡುವವರಿಂದ.

ತುಮಕೂರಿನ ಪಾಠ

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು ಒಂದು ತಪ್ಪು ಕಲ್ಪನೆಯನ್ನು ಅಳಿಸಿತು. ಹಳ್ಳಿಗರು ಅಜ್ಞಾನದಿಂದ ಆಸ್ಪತ್ರೆಗೆ ಹೋಗುವುದಿಲ್ಲವೆಂದು ಭಾವಿಸಲಾಗಿತ್ತು. ವಾಸ್ತವವಾಗಿ ರೋಗಿಗಳಲ್ಲಿ ಅರ್ಧದಷ್ಟು ಮಂದಿ ತಾವಾಗಿಯೇ ಚಿಕಿತ್ಸೆ ಅರಸಿ ಹೋಗಿದ್ದರು. ಕಫ ಪರೀಕ್ಷೆಯಾಗದೆ ಕೆಮ್ಮಿನ ಔಷಧದ ಬಾಟಲಿಯೊಡನೆ ಹಿಂದಿರುಗಿದ್ದರು. ದೋಷವಿದ್ದುದು ವ್ಯವಸ್ಥೆಯಲ್ಲಿ.

ಆಹಾರದ ಪ್ರಶ್ನೆ

ಮದರಾಸಿನ ಪ್ರಯೋಗವನ್ನು ಓದಿದ ಕೆಲವರು ಆಹಾರ ಮುಖ್ಯವೇ ಅಲ್ಲವೆಂದು ಅರ್ಥೈಸಿದ್ದುಂಟು. ಒಂದು ಪ್ರಯೋಗವು ತಾನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಔಷಧ ಕ್ರಮವಾಗಿ ದೊರೆತರೆ ಬಡ ಊಟದಲ್ಲೂ ರೋಗ ಗುಣವಾಗಬಲ್ಲದು ಎಂಬುದಷ್ಟೇ ಅದರ ಉತ್ತರ.

ಬೇರೆ ಪ್ರಶ್ನೆಯನ್ನು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಹಾಗೂ ಸಹೋದ್ಯೋಗಿಗಳು ಚೆನ್ನೈ ಸಂಸ್ಥೆಯ ಸಹಯೋಗದಲ್ಲಿ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಎತ್ತಿಕೊಂಡರು. 2019ರಿಂದ 2022ರವರೆಗೆ ನಡೆದ ಈ ಪ್ರಯೋಗದಲ್ಲಿ 2,800 ರೋಗಿಗಳಿಗೂ ಆಹಾರ ಧಾನ್ಯ ನೀಡಲಾಯಿತು. ಆದರೆ ಮನೆಯವರಿಗೂ ಆಹಾರ ಕೊಟ್ಟದ್ದು ಚೀಟಿಯಿಂದ ಆಯ್ಕೆಯಾದ ಅರ್ಧ ಭಾಗದ ಪ್ರದೇಶಗಳಲ್ಲಿ ಮಾತ್ರ. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆಹಾರ ಪಡೆದ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ಬರುವ ಪ್ರಮಾಣ ಶೇ. 39ರಷ್ಟು ಕಡಿಮೆಯಾಯಿತು. ತಿಂಗಳಿಗೆ ತಲಾ ಕೆಲವು ಕಿಲೋ ಅಕ್ಕಿ, ಬೇಳೆಯ ಫಲವಿದು.

ಸದಸ್ಯರು ಮಾಡಬಹುದಾದುದೇನು?

ವಿಶ್ವದ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿದ್ದಾರೆ. ಈ ಹಿನ್ನೆಲೆಯಲ್ಲಿ ಕೆಳಗಿನ ಅಂಶಗಳನ್ನು ಗಮನಿಸಬೇಕೆಂದು ಕೋರುತ್ತೇನೆ.

1. ಎರಡು ವಾರ ಮೀರಿದ ಕೆಮ್ಮಿರುವ ಕೆಲಸಗಾರರನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಗೆ ಕಳುಹಿಸಿ, ಆ ದಿನದ ವೇತನವನ್ನು ಕಡಿತಗೊಳಿಸಬೇಡಿ. ಪರೀಕ್ಷೆ ಮತ್ತು ಔಷಧ ಎರಡೂ ಅಲ್ಲಿ ಉಚಿತ.

2. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಎರಡು ತಿಂಗಳಲ್ಲೇ ಹುಷಾರಾದಂತೆ ಕಂಡು ಹಲವರು ಮಾತ್ರೆ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದರೆ ಔಷಧಕ್ಕೆ ಜಗ್ಗದ ಕ್ಷಯ ಬರುವ ಅಪಾಯವಿದೆ. ಅದರ ಚಿಕಿತ್ಸೆ ಬಹಳ ಕಠಿಣ.

3. ಇ.ಎಸ್.ಐ. ವ್ಯಾಪ್ತಿಯಲ್ಲಿರುವ ಕೆಲಸಗಾರರಿಗೆ, ಅರ್ಹತೆಯ ಷರತ್ತುಗಳಿಗೊಳಪಟ್ಟು, ಕ್ಷಯರೋಗಕ್ಕೆ ವೇತನದ ಶೇ. 80ರಷ್ಟು ವಿಸ್ತೃತ ಅನಾರೋಗ್ಯ ಭತ್ಯೆ ಗರಿಷ್ಠ ಎರಡು ವರ್ಷದವರೆಗೆ ಲಭ್ಯ. ವಂತಿಗೆ ಕಟ್ಟುತ್ತಿರುವ ಅನೇಕ ಮಾಲೀಕರಿಗೂ ಇದು ತಿಳಿದಿಲ್ಲ.

4. ವೈದ್ಯರ ಪ್ರಮಾಣಪತ್ರದ ಆಧಾರದ ಮೇಲೆ ಕೆಲಸಗಾರನನ್ನು ಹಿಂದಕ್ಕೆ ಸೇರಿಸಿಕೊಳ್ಳಿ. ರೋಗದ ವಿಷಯವನ್ನು ಗೋಪ್ಯವಾಗಿಡಿ.

5. ಕಲ್ಲಿನ ಪುಡಿ, ಫೌಂಡ್ರಿ ಮರಳು ಮುಂತಾದ ಸಿಲಿಕಾ ಧೂಳಿರುವ ಕಡೆ ಕ್ಷಯದ ಅಪಾಯ ಹೆಚ್ಚು. ಧೂಳು ತಗ್ಗಿಸುವ, ಗಾಳಿಯಾಡುವ ವ್ಯವಸ್ಥೆ ಮಾಡಿ.

6. ರೋಗಿಯ ಕುಟುಂಬಕ್ಕೆ ಆರು ತಿಂಗಳ ದಿನಸಿ ನೆರವು ನೀಡುವುದಾದರೆ, ಅದನ್ನು ಸಿಬ್ಬಂದಿ ಕಲ್ಯಾಣ ವೆಚ್ಚದ ಖಾತೆಯಲ್ಲಿ ಬಿಲ್ಲುಗಳ ಸಮೇತ ದಾಖಲಿಸಿ.

ನುರಿತ ಕೆಲಸಗಾರನೊಬ್ಬನನ್ನು ಕಳೆದುಕೊಂಡು ಹೊಸಬನನ್ನು ತಯಾರು ಮಾಡಲು ತಗಲುವ ಖರ್ಚು ಯಾವ ಲೆಕ್ಕದ ಪುಸ್ತಕದಲ್ಲೂ ಪ್ರತ್ಯೇಕವಾಗಿ ಕಾಣುವುದಿಲ್ಲ. ಮನೆಗೆ ಹೋದವನ ಗತಿಯಂತೂ ಎಲ್ಲಿಯೂ ದಾಖಲಾಗುವುದಿಲ್ಲ. ನಾನು ಗುರುತು ಹಾಕಿದ ಆ ವೋಚರಿನ ಕೆಲಸಗಾರನು ಮುಂದೆ ಏನಾದನೆಂಬುದು ನನಗಾಗಲಿ, ಆತನ ಮಾಲೀಕರಿಗಾಗಲಿ ತಿಳಿಯಲಿಲ್ಲ. ಇಂದು ಅಂತಹ ನಮೂದು ನನ್ನ ಕಣ್ಣಿಗೆ ಬಿದ್ದರೆ, ಗುರುತು ಹಾಕುವ ಮೊದಲು ಆತನಿಗೆ ಔಷಧ ಆರಂಭವಾಗಿದೆಯೇ ಎಂದು ಕೇಳುತ್ತೇನೆ. ಸದಸ್ಯರೂ ತಮ್ಮ ಹಾಜರಿ ಪುಸ್ತಕವನ್ನು ನೋಡುವಾಗ ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಳ್ಳುವರೆಂದು ಆಶಿಸುತ್ತೇನೆ.