ಒಪ್ಪಂದವಿಲ್ಲದ ಸೋದರಿ ಊರುಗಳು: ಮಧುಗಿರಿ ಸೀಮೆ ಮತ್ತು ಮಡಕಶಿರ

ಎರಡು ದೇಶಗಳ ಊರುಗಳು ತಮ್ಮ ಪೌರಸಂಸ್ಥೆಗಳ ಮೂಲಕ ಲಿಖಿತ ಒಪ್ಪಂದ ಮಾಡಿಕೊಂಡು ಸ್ನೇಹಬಾಂಧವ್ಯವನ್ನು ಏರ್ಪಡಿಸಿಕೊಳ್ಳುವ ಪದ್ಧತಿಯು ಎರಡನೆಯ ಮಹಾಯುದ್ಧದ ತರುವಾಯ ಯುರೋಪಿನಲ್ಲಿ ವ್ಯಾಪಕವಾಯಿತು. ಇಂಥವನ್ನು ಕನ್ನಡದಲ್ಲಿ 'ಸೋದರಿ ನಗರ'ಗಳೆಂದು ಕರೆಯುವುದುಂಟು. ಹುಬ್ಬಳ್ಳಿ-ಧಾರವಾಡಗಳಿಗೆ ರೂಢಿಯಲ್ಲಿರುವ 'ಅವಳಿ ನಗರ' ಎಂಬ ಮಾತು ಇಲ್ಲಿ ಹೊಂದುವುದಿಲ್ಲ. ಅದು ಅಕ್ಕಪಕ್ಕದ ಊರುಗಳನ್ನು ಸೂಚಿಸುತ್ತದೆ.

ಇಂಗ್ಲೆಂಡಿನ ಪ್ಲಿಮತ್ ಮತ್ತು ಫ್ರಾನ್ಸಿನ ಬ್ರೆಸ್ಟ್ ಎಂಬ ಕರಾವಳಿ ನಗರಗಳು 1963ರಲ್ಲಿ ಹೀಗೆ ಜೊತೆಗೂಡಿದವು. ಎರಡೂ ನೌಕಾನೆಲೆಗಳು, ಎರಡೂ ಯುದ್ಧದಲ್ಲಿ ಧ್ವಂಸಗೊಂಡಂಥವು. ಪ್ಲಿಮತ್ತಿನ ಮೇಲೆ ಬಾಂಬು ಸುರಿಸಿದವು ಜರ್ಮನಿಯ ವಿಮಾನಗಳು. ಜರ್ಮನರ ವಶದಲ್ಲಿದ್ದ ಬ್ರೆಸ್ಟಿನ ಮೇಲೆ ದಾಳಿ ಮಾಡಿದವುಗಳಲ್ಲಿ ಬ್ರಿಟಿಷ್ ವಿಮಾನಗಳೂ ಇದ್ದವೆಂಬುದನ್ನು ನೆನೆದರೆ ಈ ಸ್ನೇಹದ ತೂಕ ತಿಳಿಯುತ್ತದೆ. ಕರ್ನಾಟಕದಲ್ಲಿ ಬೆಂಗಳೂರು 1973ರಲ್ಲಿ ಮಿನ್ಸ್ಕ್ ನಗರದೊಡನೆ, 1992ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನೊಡನೆ ಇಂಥ ಸಂಬಂಧ ಬೆಳೆಸಿತು. ಇಲ್ಲೆಲ್ಲ ಒಡನಾಟಕ್ಕೆ ಆಧಾರವಾಗಿರುವುದು ಒಪ್ಪಂದಪತ್ರ.

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಗಡಿಯಲ್ಲಿ ಕಂಡುಬರುವುದು ಇದರ ವಿಪರ್ಯಾಯ: ಒಡನಾಟ ಮೊದಲು, ಗಡಿ ಅನಂತರ. ಕೊರಟಗೆರೆ ತುಸು ಒಳನಾಡು. ಉಳಿದವುಗಳ ನೆರೆಯಲ್ಲೇ ಆಂಧ್ರಪ್ರದೇಶದ ಮಡಕಶಿರ ಸೀಮೆಯಿದೆ. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇರುವುದು ಆ ಸೀಮೆಯಲ್ಲಿ. ಮಧ್ಯಕಾಲದ ಅರಸುಮನೆತನವೊಂದರ ನೆಲೆಯಾದ ನಿಡುಗಲ್ಲು ಇರುವುದು ಪಾವಗಡ ತಾಲ್ಲೂಕಿನಲ್ಲಿ. ಈ ಭಾಗದ ಶಾಸನಗಳನ್ನು ಅಭ್ಯಸಿಸುವವರು ಇಂದಿನ ರಾಜ್ಯಗಡಿಯನ್ನು ಮರೆಯಲೇಬೇಕಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಈ ನಾಲ್ಕು ತಾಲ್ಲೂಕುಗಳು ಮೈಸೂರು ಸಂಸ್ಥಾನದಲ್ಲಿದ್ದರೆ ಮಡಕಶಿರವು ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆಯಲ್ಲಿತ್ತು. 1953ರಲ್ಲಿ ಆಂಧ್ರ ರಾಜ್ಯಕ್ಕೆ ಸೇರಿದ ಅದು 1956ರ ಪುನರ್ವಿಂಗಡಣೆಯಲ್ಲಿಯೂ ಅಲ್ಲಿಯೇ ಉಳಿಯಿತು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ.

ಪಾವಗಡದ ಸ್ಥಿತಿ ಇನ್ನೂ ವಿಶಿಷ್ಟವಾದುದು. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದಿರುವ ಈ ತಾಲ್ಲೂಕಿನ ಅನೇಕ ಮನೆಗಳಲ್ಲಿ ಆಡುಮಾತು ತೆಲುಗು, ಕಚೇರಿಯ ಭಾಷೆ ಕನ್ನಡ. ಮಡಕಶಿರದ ಅನೇಕ ಮನೆಗಳಲ್ಲಿ ಆಡುಮಾತು ಕನ್ನಡ, ಕಚೇರಿಯ ಭಾಷೆ ತೆಲುಗು. ಒಂದು ಊರು ಇನ್ನೊಂದರ ಕನ್ನಡಿಬಿಂಬವೆಂದರೂ ಸಲ್ಲುತ್ತದೆ. ಪಾವಗಡದ ಶನಿಮಹಾತ್ಮ ದೇವಾಲಯಕ್ಕೆ ಎರಡೂ ರಾಜ್ಯಗಳ ಭಕ್ತರು ಬರುತ್ತಾರೆ. ತುಮಕೂರು-ರಾಯದುರ್ಗ ರೈಲು ಯೋಜನೆಯ ಪಥವೂ ಮಧುಗಿರಿಯಿಂದ ಮಡಕಶಿರಕ್ಕೆ ಹೋಗಿ, ಅಲ್ಲಿಂದ ಮರಳಿ ಕರ್ನಾಟಕದ ಪಾವಗಡಕ್ಕೆ ಬರುತ್ತದೆ. ಇಂಜಿನಿಯರರಿಗೂ ಈ ಊರುಗಳನ್ನು ಬೇರ್ಪಡಿಸಲು ಸಾಧ್ಯವಾಗಲಿಲ್ಲವೆನ್ನಬೇಕು.

ಆದರೆ ಈ ಸಹಜ ಬಾಂಧವ್ಯ ಶಾಲೆಯ ಬಾಗಿಲಲ್ಲಿ ತಡೆಯುತ್ತದೆ. ಏಳನೆಯ ತಿದ್ದುಪಡಿಯ ಮೂಲಕ 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ದೊರಕಿಸಬೇಕೆನ್ನುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಮಡಕಶಿರದ ಕನ್ನಡ ಮಾಧ್ಯಮದ ಬಾಲಕಿಯೊಬ್ಬಳು ಮುಂದಿನ ಓದಿಗೆ ಶಿರಾಕ್ಕೋ ಮಧುಗಿರಿಗೋ ಬಂದರೆ, ಭಾಷೆಯಿಂದ ಸ್ಥಳೀಯಳಾದ ಅವಳು ದಾಖಲೆಯಲ್ಲಿ ಹೊರರಾಜ್ಯದವಳು. ಪಠ್ಯಪುಸ್ತಕ, ಕನ್ನಡ ಬಲ್ಲ ಶಿಕ್ಷಕರು, ಉದ್ಯೋಗದ ಅರ್ಹತೆ, ಇವೆಲ್ಲ ಎರಡು ಸರ್ಕಾರಗಳ ನಡುವೆ ಹಂಚಿಹೋಗುವ ಸಂಗತಿಗಳು. ಪ್ಲಿಮತ್-ಬ್ರೆಸ್ಟ್ ಮಾದರಿಯ ಪತ್ರವೊಂದಕ್ಕೆ ಇಲ್ಲಿ ಕೆಲಸವಿರುವುದು ಇಂಥ ಕಡೆಯಲ್ಲಿಯೇ. ಅರ್ಹತೆಯ ನಿಯಮಗಳನ್ನು ಬದಲಿಸುವ ಅಧಿಕಾರ ಪೌರಸಂಸ್ಥೆಗಳಿಗಿಲ್ಲವಾದರೂ ಪಾವಗಡದ ತೆಲುಗು ಪುಸ್ತಕ ಮಡಕಶಿರದಿಂದಲೂ ಮಡಕಶಿರದ ಕನ್ನಡ ಪುಸ್ತಕ ಪಾವಗಡದಿಂದಲೂ ಬರುವಂತೆ ಏರ್ಪಾಟು ಮಾಡಿಕೊಳ್ಳಬಹುದು. ವಿದೇಶಾಂಗ ವ್ಯವಹಾರವು ಕೇಂದ್ರಪಟ್ಟಿಗೆ ಸೇರಿದ ವಿಷಯ. ಒಂದೇ ದೇಶದ ಈ ಎರಡು ಊರುಗಳ ಸ್ನೇಹಕ್ಕೆ ಆ ತೊಡಕೂ ಇಲ್ಲ.