ಜಿಮ್ಮಿಗೆ ಬೀಗ, ಕಂತು ಮಾತ್ರ ತಪ್ಪಲ್ಲ!

‘ವರ್ಷದ ಹಣ ಇವತ್ತೇ ಕಟ್ಟಿ, ಅರ್ಧ ರೇಟು!’ ಜಿಮ್ಮಿನವರ ಈ ಮಾತಿಗೆ ಮರುಳಾಗುವವರು ಎಷ್ಟೋ ಮಂದಿ. ಕೈಯಲ್ಲಿ ಕಾಸಿಲ್ಲವೆಂದರೆ ‘ಕಂತಿನಲ್ಲಿ ಕಟ್ಟಿ ಸಾರ್’ ಅಂತಾರೆ. ಆ ಕಂತು ಅನೇಕ ವೇಳೆ ಫೈನಾನ್ಸ್ ಕಂಪನಿಯ ಸಾಲ. ನಾಳೆ ಜಿಮ್ಮಿಗೆ ಬೀಗ ಬಿದ್ದರೂ ಸಾಲ ಬೆನ್ನು ಬಿಡೋದಿಲ್ಲ. ಮೈ ಕರಗಿಸಲು ಹೋದವರ ಜೇಬು ಕರಗುತ್ತದೆ.

ಬಾಗಿಲು ತೆರೆದಿರುವ ಕಡೆ ದುಡ್ಡು ವಾಪಸ್ ಕೇಳಿದರೆ ರಸೀದಿಯ ಸಣ್ಣ ಅಕ್ಷರ ತೋರಿಸಿ ಕಳಿಸ್ತಾರೆ. ಅಷ್ಟಕ್ಕೇ ಸುಮ್ಮನಾಗಬೇಕಿಲ್ಲ. ಹೇಳಿದ ಸೇವೆ ಸಿಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕಟ್ಟಿದ ಹಣ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 1915ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ರಸೀದಿ, ಕರಾರು ಪತ್ರ ಜೋಪಾನ. ತಿಂಗಳ ಲೆಕ್ಕದಲ್ಲಿ ಕಟ್ಟುವುದೇ ಮೇಲು.